ಜೈಲಿದ್ದ ಜಾಗದಲ್ಲೇ ಧಿಕ್ಕಾರ ಕೂಗಿ

ಬೆಂಗಳೂರಿನಲ್ಲಿ ಇವತ್ತು ಧರಣಿ ಕೂರಬೇಕೆಂದರೆ ಫ್ರೀಡಂ ಪಾರ್ಕಿಗೇ ಹೋಗಬೇಕು. ಅಂಗನವಾಡಿ ಕಾರ್ಯಕರ್ತೆಯರು ಬರಲಿ, ಕಬ್ಬು ಬೆಳೆಗಾರರು ಬರಲಿ, 2021ರ ಪೊಲೀಸ್ ಆದೇಶ ಪ್ರತಿಭಟನೆಗೆ ಉಳಿಸಿರುವುದು ಅದೊಂದೇ ಜಾಗ. 2008ರಲ್ಲಿ ಉದ್ಯಾನವಾಗುವ ಮುನ್ನ ಅದು ಸೆಂಟ್ರಲ್ ಜೈಲು. ಕಾವಲು ಗೋಪುರ ಈಗಲೂ ನಿಂತಿದೆ. ಘೋಷಣೆ ಕೂಗುವವರು ಕತ್ತೆತ್ತಿದರೆ ಕಾಣುತ್ತದೆ.

‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ಇದ್ದದ್ದು ಇದೇ ಜೈಲಿನಲ್ಲಿ. ಬಂಧನ 1976ರ ಮೇ 2ರಂದು. ತುರ್ತು ಪರಿಸ್ಥಿತಿಯಲ್ಲಿ ಬಂಧಿತರಿಗೆ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಇಲ್ಲವೆಂದು ಸುಪ್ರೀಂ ಕೋರ್ಟು ಹೇಳಿ ಆಗ ನಾಲ್ಕೇ ದಿನ. ಅವರು ಸಮಾಜವಾದಿ, ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸರ ಸ್ನೇಹಿತೆ. ಸ್ಫೋಟದ ಸಂಚಿನ ಆರೋಪದ ಬರೋಡಾ ಡೈನಮೈಟ್ ಪ್ರಕರಣಕ್ಕೆ ಅವರನ್ನು ತಳುಕು ಹಾಕಲಾಯಿತು. ಅಂತಿಮ ಆರೋಪಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಮೀಸಾ ಕಾಯ್ದೆಯಡಿ ಒಳಗೇ ಉಳಿದರು.

ಒಬ್ಬರೇ ಹಿಡಿಸುವ ಕೋಣೆ, ಒಂದು ತುದಿಗೆ ಶೌಚದ ಗುಂಡಿ, ಇನ್ನೊಂದು ತುದಿಗೆ ಕಂಬಿ. ಮಲಗುವುದು ನೆಲದ ಮೇಲೆ. ಆಸ್ತಮಾ ಬೇರೆ. ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ, ರಾತ್ರಿ ಹೊತ್ತು ಅವರ ಚೀರಾಟ ಕೇಳಿಸುತ್ತಿತ್ತೆಂದು ಬರೆದಿದ್ದಾರೆ. ಅಂಥ ಸ್ಥಿತಿಯಲ್ಲೂ ಹೆಣ್ಣು ಕೈದಿಗಳಿಗೆ ಬೀಳುತ್ತಿದ್ದ ಏಟು ನಿಲ್ಲಿಸಿದೆ, ಅವರ ಊಟ ಸುಧಾರಿಸಿದೆ ಎಂಬ ಸಮಾಧಾನ ಈ ಹೆಂಗಸಿಗೆ. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು, 20ರಂದು ತೀರಿಕೊಂಡರು.

ತುರ್ತು ಪರಿಸ್ಥಿತಿ ಹೇರಿದ ಇಂದಿರಾ ಗಾಂಧಿಯನ್ನು ಬೈದು ಇಲ್ಲಿಗೇ ನಿಲ್ಲಿಸುವುದು ಸುಲಭ. ಪ್ರತಿ ವರ್ಷ ಅದನ್ನು ಹೇರಿದ ದಿನವಾದ ಜೂನ್ 25ರಂದು ಅದು ನಡೆದೇ ಇದೆ. ಆದರೆ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಒಳಗಿಡಲು ಈಗ ತುರ್ತು ಪರಿಸ್ಥಿತಿಯೇ ಬೇಕಿಲ್ಲ, ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ ಯುಎಪಿಎ ಇದೆ. ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನು ಕೊಡಕೂಡದೆನ್ನುವ ಅದರ 43ಡಿ(5) ಸೆಕ್ಷನ್ ಸೇರಿದ್ದು 2008ರ ಕೊನೆಯಲ್ಲಿ, ಇಲ್ಲಿ ಜೈಲು ಪಾರ್ಕಾದ ವರ್ಷವೇ. ತಂದದ್ದು ಕಾಂಗ್ರೆಸ್ ನೇತೃತ್ವದ ಸರ್ಕಾರ, ಧಾರಾಳವಾಗಿ ಬಳಸಿದ್ದು ಬಿಜೆಪಿಯದು. ಜಾಮೀನಿನ ಹಂತದಲ್ಲಿ ಸಾಕ್ಷ್ಯವನ್ನು ಆಳವಾಗಿ ತೂಗಬೇಕಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಬಾಗಿಲು ಇನ್ನಷ್ಟು ಬಿಗಿಯಾಯಿತು. ಬಾಂಬಿಟ್ಟವರನ್ನು ಬಿಡಿ ಎಂದು ಯಾರೂ ಕೇಳುತ್ತಿಲ್ಲ. ಭಾಷಣ, ಕರಪತ್ರ, ಇಮೇಲುಗಳ ಮೇಲೆ ನಿಂತ ಮೊಕದ್ದಮೆಗಳಿಗಾದರೂ ಜಾಮೀನಿನ ಮಾಮೂಲಿ ನಿಯಮ ಅನ್ವಯಿಸಲಿ; ಅಲ್ಲಿ 43ಡಿ(5) ಬೇಡ.

ಸ್ನೇಹಲತಾ ಜೈಲಿನಲ್ಲಿದ್ದಾಗ ಇದೇ ಊರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು ಪಾದ್ರಿ ಸ್ಟ್ಯಾನ್ ಸ್ವಾಮಿ. ಮುಂದೆ ಜಾರ್ಖಂಡಿನ ಆದಿವಾಸಿಗಳ ಜಮೀನಿನ ಹಕ್ಕಿಗಾಗಿ ದುಡಿದರು. ಭೀಮಾ ಕೋರೆಗಾಂವ್ ಹಿಂಸಾಚಾರ ಪ್ರಕರಣದಲ್ಲಿ ಯುಎಪಿಎ ಅಡಿ ರಾಷ್ಟ್ರೀಯ ತನಿಖಾ ದಳ ಎನ್‌ಐಎ ಅವರನ್ನು ಬಂಧಿಸಿದ್ದು 2020ರ ಅಕ್ಟೋಬರ್ 8ರಂದು. ಆಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ, ಕುಡಿಯಲು ಒಂದು ಸ್ಟ್ರಾ ಮತ್ತು ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಿದರು. ಉತ್ತರಿಸಲು ಎನ್‌ಐಎ 20 ದಿನ ಕಾಲಾವಕಾಶ ಕೇಳಿತು. ಒಂದು ಸ್ಟ್ರಾಗೆ!

2021ರ ಜುಲೈ 5ರಂದು ಬಾಂಬೆ ಹೈಕೋರ್ಟು ಅವರ ಜಾಮೀನು ಅರ್ಜಿಯನ್ನು ಕೈಗೆತ್ತಿಕೊಂಡಾಗ ಮಾತನಾಡಲು ಅನುಮತಿ ಕೇಳಿದವರು ಆಸ್ಪತ್ರೆಯ ವೈದ್ಯರು. ಅರ್ಜಿದಾರರು ಆಗಲೇ ತೀರಿಕೊಂಡಿದ್ದರು.