ಎರಡು ಗುಂಡಿ, ಒಂದು ಇಟ್ಟಿಗೆ

ಹುತ್ರಿದುರ್ಗದ ಬೆಟ್ಟ ಹತ್ತಲು ಬರುವ ಬೆಂಗಳೂರಿನ ಹುಡುಗರು ಕೆಂಪೇಗೌಡರ ಕಾಲದ ಕೋಟೆ ಬಾಗಿಲು, ಮೇಲಿನ ಶಂಕರೇಶ್ವರನ ಗುಡಿ ನೋಡಿಕೊಂಡು ಇಳಿದು ಹೋಗುತ್ತಾರೆ. ಹೋದ ತಿಂಗಳು ನಾನು ಅದೇ ಬೆಟ್ಟದ ಬುಡಕ್ಕೆ ಹೋದದ್ದು ಕಕ್ಕಸು ನೋಡುವುದಕ್ಕೆ. ನಗಬೇಡಿ. ಚಿಕ್ಕಮ್ಮ ಫೋನು ಮಾಡಿ, ‘ನೀರು ಹಾಕಿದ್ರೆ ಇಳಿಯೋದೇ ಇಲ್ಲ ಕಣೋ, ಮೇಲಕ್ಕೇ ಬರ್ತದೆ. ಹಬ್ಬಕ್ಕೆ ಮಕ್ಕಳೆಲ್ಲಾ ಬರ್ತಾರೆ, ಏನು ಮಾಡ್ಲಿ?’ ಎಂದಿದ್ದರು.

ಅದು ಸ್ವಚ್ಛ ಭಾರತ ಯೋಜನೆಯ 12,000 ರೂಪಾಯಿಗೆ ಕೈಯಿಂದಲೂ ಒಂದಷ್ಟು ಸೇರಿಸಿ ಕಟ್ಟಿಸಿದ ಶೌಚಾಲಯ. ಹಿತ್ತಲಲ್ಲಿ ಎರಡು ಗುಂಡಿ. ಮನೆಯಲ್ಲಿ ಐದು ಜನ.

ನೀರು ಇಳಿಯದಿದ್ದರೆ ಎಲ್ಲರೂ ಮೊದಲು ಮಾಡುವ ಕೆಲಸ ಅಂಗಡಿಯಿಂದ ಆಸಿಡ್ ತಂದು ಸುರಿಯುವುದು. ಚಿಕ್ಕಮ್ಮನೂ ಎರಡು ಬಾಟಲಿ ಸುರಿದಿದ್ದರು. ಅದರ ಬದಲು ಮೊದಲು ನೋಡಬೇಕಾದದ್ದು ಹೊರಗಿನ ಚೇಂಬರು. ಬೇಸಿನ್ನಿನಿಂದ ಬಂದ ಪೈಪು ಇಲ್ಲಿ ಎರಡಾಗಿ ಕವಲೊಡೆದು ಎರಡು ಗುಂಡಿಗೆ ಹೋಗುತ್ತದೆ. ಮುಚ್ಚಳ ತೆಗೆಯಿರಿ. ಒಳಗೆ ಬೇಸಿನ್ನು ತುಂಬಿ ನಿಂತಿದ್ದು ಚೇಂಬರು ಒಣಗಿದ್ದರೆ, ಅಡಚಣೆ ಇರುವುದು ಬೇಸಿನ್ನಿನ ಕೆಳಗಿನ ಬಾಗಿದ ಕೊಳವೆಯಲ್ಲಿ ಅಥವಾ ಅಲ್ಲಿಂದ ಚೇಂಬರಿನವರೆಗಿನ ಪೈಪಿನಲ್ಲಿ. ಸೀಳಿದ ಬಿದಿರು ದಬ್ಬೆ, ಒಂದು ಬಕೆಟ್ ನೀರು ಸಾಕು. ಚೇಂಬರಿನಲ್ಲೇ ನೀರು ನಿಂತಿದ್ದರೆ ತೊಂದರೆ ಮುಂದಿದೆ. ಪೈಪು ಕಟ್ಟಿದೆ, ಇಲ್ಲವೇ ಗುಂಡಿ ತುಂಬಿದೆ.

ಚಿಕ್ಕಮ್ಮನ ಚೇಂಬರಿನಲ್ಲಿ ನೀರು ಅಂಚಿನವರೆಗೆ ನಿಂತಿತ್ತು. ಎರಡೂ ಬಾಯಿ ತೆರೆದೇ ಇದ್ದವು.

ಎಡವಟ್ಟಾದದ್ದು ಇಲ್ಲೇ. ಗುಂಡಿ ಎರಡಿರುವುದು ಜಾಸ್ತಿ ಹಿಡಿಸಲಿ ಎಂದಲ್ಲ. ಒಂದು ಬಾಯಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿ ಮುಚ್ಚಬೇಕು, ಇನ್ನೊಂದನ್ನು ಮಾತ್ರ ಬಳಸಬೇಕು. ಸುಮಾರು ಮೂರು ವರ್ಷಕ್ಕೆ ಅದು ತುಂಬಿದಾಗ ಇಟ್ಟಿಗೆಯನ್ನು ಆ ಬಾಯಿಗೆ ಬದಲಾಯಿಸಬೇಕು. ಗುಂಡಿಯ ಗೋಡೆಯಲ್ಲಿ ಜೇನುಗೂಡಿನಂತೆ ಸಂದು ಬಿಟ್ಟಿರುತ್ತಾರೆ, ತಳಕ್ಕೆ ಗಾರೆ ಹಾಕುವುದಿಲ್ಲ. ನೀರನ್ನೂ ಗಾಳಿಯನ್ನೂ ಮಣ್ಣು ಹೀರಿಕೊಳ್ಳುತ್ತದೆ. ಉಳಿದದ್ದು ಎರಡು ವರ್ಷ ಸುಮ್ಮನೆ ಬಿಟ್ಟರೆ ಕೊಳೆತು, ವಾಸನೆಯಿಲ್ಲದ ಕಪ್ಪು ಮಣ್ಣಾಗುತ್ತದೆ. ಎರಡೂ ಬಾಯಿ ತೆರೆದಿದ್ದರೆ ಎರಡೂ ಒಟ್ಟಿಗೇ ತುಂಬುತ್ತವೆ, ಎರಡರಲ್ಲೂ ಹಸಿಯೇ ಇರುತ್ತದೆ. ಕಟ್ಟಿದ ಮೇಸ್ತ್ರಿ ಇದನ್ನು ಹೇಳಿರಲಿಲ್ಲ. ಅವನಿಗಾದರೂ ಯಾರು ಹೇಳಿದ್ದರೋ!

‘ರಾತ್ರಿ ಬಂದು ಖಾಲಿ ಮಾಡೋ ಜನ ಅವ್ರೆ, ಹೇಳಿ ಕಳಿಸ್ಲಾ?’ ಎಂದರು ಪಕ್ಕದ ಮನೆಯವರು. ಯಾವ ಜನ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ನಮ್ಮ ಊರುಗಳಲ್ಲಿ ಬೀಳುವುದಿಲ್ಲ. ತಲೆಯ ಮೇಲೆ ಮಲ ಹೊರಿಸುವುದನ್ನು ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ನಿಲ್ಲಿಸಿದ್ದರು. ಆದರೂ 2010ರಲ್ಲಿ ಸವಣೂರಿನ ಭಂಗಿ ಜನ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನು ನಾಡು ನೋಡಿತು. 2013ರ ಕಾಯ್ದೆ ಇನ್ನೂ ಸ್ಪಷ್ಟವಾಗಿದೆ. ಗುಂಡಿಯಲ್ಲಿರುವುದು ಪೂರ್ತಿ ಕೊಳೆಯುವ ಮೊದಲು ಅದನ್ನು ಮನುಷ್ಯನ ಕೈಯಲ್ಲಿ ಎತ್ತಿಸುವಂತಿಲ್ಲ. ಅಂದರೆ ಆ ಎರಡು ವರ್ಷಕ್ಕೂ, ಒಂದು ಇಟ್ಟಿಗೆಗೂ ಕಾನೂನಿನಲ್ಲಿ ಬೆಲೆಯಿದೆ. ಹಸಿಗುಂಡಿಗೆ ಇಳಿದವನು ಒಳಗಿನ ಗಾಳಿ ಕುಡಿದು ಮೇಲೆ ಬಾರದೆಯೂ ಇರಬಹುದು.

ಚಿಕ್ಕಮ್ಮ, ‘ಬ್ಯಾಡ ಬಿಡಪ್ಪಾ, ನಮ್ಮದು ತೆಗೆಯೋಕೆ ಇನ್ನೊಬ್ಬರ ಮಗ ಯಾಕೆ?’ ಎಂದುಬಿಟ್ಟರು. ಮೂರನೆಯ ಗುಂಡಿ ತೋಡಿಸಿದೆವು. ಈ ಕಡೆ ನೆಲ ಗೊತ್ತಲ್ಲ, ಮೂರಡಿಗೇ ಬಂಡೆ. ಆಳ ಸಿಗದ ಕಡೆ ಅಗಲ ಹೆಚ್ಚಿಸಿಕೊಂಡೆವು. ಬಂಡೆಯಲ್ಲಿ ಬಿರುಕಿದ್ದರೆ ಕೊಳೆನೀರು ದೂರ ಹರಿಯುತ್ತದೆ. ಬಾವಿ, ಬೋರ್‌ವೆಲ್ಲು ಕಡೇಪಕ್ಷ ಹತ್ತು ಮೀಟರ್ ಆಚೆಗಿರಬೇಕು, ಇಂಥ ನೆಲದಲ್ಲಿ ಅದಕ್ಕಿಂತ ದೂರವಿದ್ದಷ್ಟೂ ಒಳ್ಳೆಯದು. ಹಳೆಯ ಎರಡೂ ಬಾಯಿಗೆ ಇಟ್ಟಿಗೆ ಬಿತ್ತು.

ಇನ್ನು ದಿನದ ಆರೈಕೆ. ಹಾಯಿದೋಣಿಗಳಲ್ಲಿ ತಿಂಗಳುಗಟ್ಟಲೆ ಸಮುದ್ರದ ಮೇಲಿರುವವರ ಪುಟ್ಟ ಕಕ್ಕಸಿಗೆ ಕೈಪಂಪು ಇರುತ್ತದೆ, ಅದರಲ್ಲೊಂದು ರಬ್ಬರಿನ ಕವಾಟ. ಒಂದು ಚಿಂದಿ ಬಟ್ಟೆ ಸಿಕ್ಕಿಕೊಂಡರೂ ಸಾಕು, ನಡುಗಡಲಿನಲ್ಲಿ ತಾವೇ ಬಿಚ್ಚಿ ತೊಳೆಯಬೇಕು. ಹಾಗಾಗಿ ಅವರದು ಒಂದೇ ನಿಯಮ: ಹೊಟ್ಟೆಯೊಳಗೆ ಹೋಗದ್ದು ಇದರೊಳಗೂ ಹೋಗಬಾರದು. ಒಳಚರಂಡಿ ಇಲ್ಲದ ಹಳ್ಳಿಮನೆಗೂ ಇದು ಸರಿಹೊಂದುತ್ತದೆ. ಬಟ್ಟೆ, ಪ್ಯಾಡು, ಬೀಡಿ ತುಂಡು, ಗುಡಿಸಿದ ಕಸ ಯಾವುದೂ ಬೇಡ. ಶೌಚದ ನೀರೊಂದನ್ನು ಬಿಟ್ಟು ಬಚ್ಚಲ ನೀರೂ ಬೇಡ. ಆಸಿಡ್ಡು, ಫಿನಾಯಿಲು ಸುರಿದರೆ ಕೊಳೆಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಬೇಸಿನ್ನಿನಲ್ಲಿ ಬಿಳಿಯ ಪೊರೆ ಕಟ್ಟುತ್ತದೆ, ನಿಜ. ಹುಣಿಸೆಹುಳಿಯೋ ವಿನಿಗರೋ ಸವರಿ, ರಾತ್ರಿಯೆಲ್ಲಾ ಬಿಟ್ಟು, ಬೆಳಿಗ್ಗೆ ಉಜ್ಜಿದರೆ ಸಾಕು. ಕೂರುವ ಮೊದಲು ಬೇಸಿನ್ನನ್ನು ಒಂದು ಚೊಂಬು ನೀರಿನಿಂದ ಒದ್ದೆ ಮಾಡಿಕೊಂಡರೆ ಆಮೇಲೆ ಎರಡು ಲೀಟರಿನಲ್ಲಿ ಎಲ್ಲಾ ಹೋಗುತ್ತದೆ. ಬಾಗಿದ ಕೊಳವೆಯಲ್ಲಿ ನಿಂತ ಎರಡು ಸೆಂಟಿಮೀಟರ್ ನೀರೇ ವಾಸನೆಗೆ ತಡೆ. ಮನೆ ಬೀಗ ಹಾಕಿ ಊರಿಗೆ ಹೋಗಿ ಬಂದಾಗ ನಾತ ಬಂದರೆ, ಆ ನೀರು ಆರಿದೆ ಅಷ್ಟೇ.

ಹೊರಡುವಾಗ ಮೇಸ್ತ್ರಿ ಹಳೆಯ ಗುಂಡಿಗಳ ಮುಚ್ಚಳಕ್ಕೆ ಹೊಸ ಸಿಮೆಂಟು ಬಳಿದು, ಹಸಿಯಿರುವಾಗಲೇ ಮೊಳೆಯಲ್ಲಿ ತಿಂಗಳು, ಇಸವಿ ಗೀಚಿದ. ಎರಡು ವರ್ಷ ಕಳೆದ ಮೇಲೆ ಆ ಗೊಬ್ಬರ ಯಾವುದಕ್ಕೆಂದು ಚಿಕ್ಕಮ್ಮ ಆಗಲೇ ಲೆಕ್ಕ ಹಾಕಿದ್ದಾರೆ. ತೆಂಗಿನ ಬುಡಕ್ಕೆ. ಸೊಪ್ಪಿನ ಮಡಿಗೆ ಮಾತ್ರ ಖಂಡಿತಾ ಬೇಡವಂತೆ.