‘ಎಲಿಮೆಂಟ್ ಹೋಗಿದೆ’ ಅನ್ನುವವರು ಹಳೇದನ್ನು ತೋರಿಸಲಿ!



ದಲ್ಲಾಳಿ ತೂಕದಲ್ಲಿ ಹೊಡೆದರೆ ಜಗಳಕ್ಕೆ ನಿಲ್ಲುತ್ತೇವೆ. ಬ್ಯಾಂಕಿನವರು ಬಡ್ಡಿಗೆ ಬಡ್ಡಿ ಹಾಕಿದರೆ ಧರಣಿ ಕೂರುತ್ತೇವೆ. ಆದರೆ ನಮ್ಮದೇ ಬದುವಿನ ಮೇಲೆ ಕರಿ ಹೊಗೆ ಬಿಡುತ್ತಾ ನಿಂತಿರುವ ಹಳೇ ಡೀಸೆಲ್ ಇಂಜಿನ್ನು ದಿನಕ್ಕೆ ಎಷ್ಟು ನುಂಗುತ್ತಿದೆ ಎಂದು ಎಷ್ಟು ಜನ ಲೆಕ್ಕ ಇಟ್ಟಿದ್ದೀರಿ?

5 ಎಚ್.ಪಿ. ಇಂಜಿನ್ನು ಪೂರ್ತಿ ಹೊರೆ ಎಳೆಯುವಾಗ ಗಂಟೆಗೆ ಸುಮಾರು 1 ಲೀಟರ್ ಕುಡಿಯುತ್ತದೆ. ಪಂಪಿನ ಟೈಮಿಂಗ್ ತಪ್ಪಿ ಕಾಲು ಲೀಟರ್ ಹೆಚ್ಚಿಗೆ ಕುಡಿಯಿತು ಅನ್ನಿ. ದಿನಕ್ಕೆ 10 ಗಂಟೆಯಂತೆ 40 ದಿನ ನೀರು ಹಾಯಿಸಿದರೆ 100 ಲೀಟರ್ ದಂಡ. ಲೀಟರಿಗೆ 90 ರೂಪಾಯಿ ಹಿಡಿದರೆ 9,000 ರೂಪಾಯಿ! ಸರಕಾರಕ್ಕೇನು ನಷ್ಟ? ಕೇಂದ್ರ ಸರಕಾರ 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರದ ನಿಯಂತ್ರಣ ಕೈಬಿಟ್ಟಿತು. ರಾಜ್ಯ ಸರಕಾರ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ. 18.44ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ. 21.17ಕ್ಕೆ ಏರಿಸಿತು. ಹೊಗೆಯಾಗಿ ಹೋದ ಡೀಸೆಲ್ಲಿಗೂ ತೆರಿಗೆ ಬಿಡಲ್ಲ ಸ್ವಾಮಿ!

ನನ್ನದೇ ಕತೆ ಕೇಳಿ. ಭತ್ತ ತೆನೆ ಕಟ್ಟೋ ಹೊತ್ತಿಗೆ ಹಳ್ಳದ ದಂಡೆಯ ನನ್ನ ಇಂಜಿನ್ನು ಎಳೆಯದೇ ಹೋಯಿತು. ಪಂಪು ಬಿಚ್ಚಿಕೊಂಡು ಪಟ್ಟಣಕ್ಕೆ ಓಡಿದೆ. ‘ಎಲಿಮೆಂಟ್ ಹೋಗಿದೆ ಗೌಡ್ರೇ, ಹೊಸದೇ ಹಾಕ್ಬೇಕು’ ಅಂದ ಅಂಗಡಿಯವ. ದಲ್ಲಾಳಿ ಹತ್ತಿರ ಕೈಸಾಲ ಮಾಡಿ ದುಡ್ಡು ಕೊಟ್ಟೆ. ರಸೀತಿ ಕೇಳಿದರೆ ನಕ್ಕ. ಹಳೇದು ಎಲ್ಲಿ ಅಂದರೆ ‘ಗುಜರಿಗೆ ಹೋಯ್ತು’ ಅಂದ. ತಂದು ಕೂರಿಸಿದರೆ ಅದೇ ಕರಿ ಹೊಗೆ! ಕೊನೆಗೆ ಪಕ್ಕದೂರಿನ ವಯಸ್ಸಾದ ಮೇಸ್ತ್ರಿ ಬಂದು ಪಂಪಿನ ಬುಡದಿಂದ ಒಂದು ತೆಳು ಶಿಮ್ ತೆಗೆದರು. ಹೊಗೆ ನಿಂತಿತು. ಕೆಟ್ಟಿದ್ದು ಎಲಿಮೆಂಟ್ ಅಲ್ಲ, ಟೈಮಿಂಗ್.

ಎಲಿಮೆಂಟ್ ಅಂದರೆ ಒಂದು ಪ್ಲಂಜರ್, ಅದು ಓಡಾಡುವ ಒಂದು ಬ್ಯಾರಲ್. ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗ ಮಾತ್ರ. ಜೋಡಿಯಾಗಿಯೇ ಉಜ್ಜಿ ಹೊಂದಿಸಿದವು ಇವು. ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರಲ್ಲಿಗೆ ತುರುಕುವವನು, ಎಮರಿ ಪೇಪರಿನಲ್ಲಿ ತಿಕ್ಕುವವನು ರಿಪೇರಿ ಮಾಡುತ್ತಿಲ್ಲ, ಪಂಪನ್ನು ಕೊಲ್ಲುತ್ತಿದ್ದಾನೆ. ನೀರು, ದೂಳು ಬೆರೆತ ಡೀಸೆಲ್ ಸುರಿಯುವ ನಾವೂ ತಪ್ಪಿತಸ್ಥರೇ.

ಒಂಟಿ ಸಿಲಿಂಡರಿನ ಟೈಮಿಂಗ್ ನೋಡಲು ಪಟ್ಟಣ ಬೇಡ. ನಾಜಲ್ ಪೈಪು ಬಿಚ್ಚಿ, ಪಂಪಿನ ಡೆಲಿವರಿ ವಾಲ್ವನ್ನೂ ಸ್ಪ್ರಿಂಗನ್ನೂ ತೆಗೆದು, ಹೋಲ್ಡರನ್ನು ಮತ್ತೆ ಕೂರಿಸಿ. ರ‍್ಯಾಕನ್ನು ಪೂರ್ತಿ ಡೀಸೆಲ್ ಬಿಡುವ ಕಡೆ ಇಟ್ಟರೆ ಡೀಸೆಲ್ ಹರಿಯುತ್ತದೆ. ಕಂಪ್ರೆಷನ್ ಏರುವಾಗ ಫ್ಲೈವೀಲನ್ನು ಅದು ಓಡುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿ. ಹರಿವು ತೊಟ್ಟಿಕ್ಕಿ ನಿಂತಿತೋ, ಪಂಪು ಒತ್ತಲು ಶುರು ಮಾಡಿತು ಅಂತ ಅರ್ಥ. ಅಷ್ಟರಲ್ಲಿ ಫ್ಲೈವೀಲಿನ ಇಂಜೆಕ್ಷನ್ ಗುರುತು ದಾಟಿ ಹೋಗಿದ್ದರೆ ಟೈಮಿಂಗ್ ತಡ. ಬುಡದ ಶಿಮ್ ಕಡಿಮೆ ಮಾಡಬೇಕು. ಗುರುತು ಬರುವ ಮೊದಲೇ ನಿಂತರೆ ಬೇಗ, ಶಿಮ್ ಸೇರಿಸಬೇಕು. ಆಮೇಲೆ ವಾಲ್ವನ್ನೂ ಸ್ಪ್ರಿಂಗನ್ನೂ ಶುದ್ಧ ಡೀಸೆಲ್ಲಿನಲ್ಲಿ ತೊಳೆದು ಹಾಕಿ. ಇಷ್ಟೇ ವಿದ್ಯೆ! ಟ್ರ್ಯಾಕ್ಟರಿನ ಮೂರು ನಾಲ್ಕು ಸಿಲಿಂಡರಿನ ಪಂಪು ಮಾತ್ರ ಟೆಸ್ಟ್ ಬೆಂಚಿಗೇ ಹೋಗಬೇಕು. ಎಲ್ಲ ಸಿಲಿಂಡರಿಗೂ ಡೀಸೆಲ್ ಸಮನಾಗಿ ಬೀಳುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುವುದು.

ಪ್ರಾಮಾಣಿಕ ಮೇಸ್ತ್ರಿಗಳ ಮೇಲೆ ನಮಗೆ ಸಿಟ್ಟಿಲ್ಲ. ಅವರ ಕೂಲಿ ಅವರಿಗೆ ಸಲ್ಲಲೇಬೇಕು. ಆದರೆ ಇನ್ನು ಮುಂದೆ ಮೂರು ಮಾತು ಖಡಾಖಂಡಿತ: ತೆಗೆದ ಹಳೇ ಭಾಗ ನಮ್ಮ ಕೈಗೆ ಬರಬೇಕು. ಏನು ಬದಲಾಯಿಸಿದರೆಂದು ಬರೆದ ರಸೀತಿ ಬೇಕು. ಬೆಂಚಿನ ಮೇಲೆ ಪಂಪು ಓಡುವುದನ್ನು ನಾವು ನಿಂತು ನೋಡಬೇಕು. ನಮ್ಮ ಷೇರು ಹಣದಿಂದ ನಡೆಯುವ ತಾಲೂಕಿನ ಸಹಕಾರ ಮಾರಾಟ ಸಂಘಗಳು ಗೊಬ್ಬರ ಮಾರಿದರೆ ಸಾಲದು, ಒಂದೊಂದು ಟೆಸ್ಟ್ ಬೆಂಚನ್ನೂ ಇಡಲಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಿ.

ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂದು 1980ರ ದಶಕದಲ್ಲಿ ಬೋರ್ಡು ಹಾಕಿದವರು ನಾವು. ಒಂದು ಹಳೇ ಎಲಿಮೆಂಟ್ ವಾಪಸ್ ಕೇಳಲು ನಾಚಿಕೆ ಯಾಕೆ?