ನಾಯಿಯ ರಕ್ತಪರೀಕ್ಷೆ: ಮನೆಗೂ ಒಂದು ಎಚ್ಚರಿಕೆ



ಕಳೆದ ಮಳೆಗಾಲದ ಒಂದು ಭಾನುವಾರ, ಪೂಜೆ ಮುಗಿದ ಮೇಲೆ ನಮ್ಮ ಅಡಿಕೆ ಕೃಷಿಕರೊಬ್ಬರು ಒಂದು ಕಾಗದ ಹಿಡಿದು ಬಂದರು. ಅದು ಅವರ ಕಾವಲು ನಾಯಿಯ ರಕ್ತಪರೀಕ್ಷೆಯ ವರದಿ. ಎಸ್‌ಜಿಪಿಟಿ ಅಂಕೆ ಸಹಜ ಮಿತಿಯ ನಾಲ್ಕು ಪಟ್ಟು ಇತ್ತು. “ಫಾದರ್, ಲಿವರ್ ಹೋಯಿತು. ಇನ್ನು ಮದ್ದಿಗೆ ಹಣ ಹಾಕಿ ಏನು ಪ್ರಯೋಜನ?” ಎಂದರು.

ಲಿವರ್ ಹೋಯಿತೆಂದು ಆ ಕಾಗದ ಹೇಳುವುದಿಲ್ಲ. ಎಸ್‌ಜಿಪಿಟಿ, ಅಂದರೆ ಎಎಲ್‌ಟಿ, ಪಿತ್ತಜನಕಾಂಗದ ಕೋಶಗಳೊಳಗೆ ಇರುವ ಕಿಣ್ವ. ಕೋಶಗಳಿಗೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತದೆ. ಪೆಟ್ಟು ಯಾವುದರಿಂದ ಬಿತ್ತು, ಅಂಗ ಎಷ್ಟು ಕೆಲಸ ಮಾಡುತ್ತಿದೆ ಎಂಬುದು ಆ ಒಂದು ಅಂಕೆಯಿಂದ ತಿಳಿಯದು. ಅದಕ್ಕೆ ಆಲ್ಬುಮಿನ್, ಬಿಲಿರುಬಿನ್, ಸಕ್ಕರೆಯ ಅಂಶ ಇವುಗಳನ್ನೂ ನೋಡಬೇಕು. ಎಎಲ್‌ಪಿ ಎಂಬ ಇನ್ನೊಂದು ಅಂಕೆ ಬೆಳೆಯುವ ಮರಿಗಳಲ್ಲಿ ಎಲುಬಿನಿಂದಲೇ ಏರುತ್ತದೆ. ತುರಿಕೆಗೆ ಕೊಟ್ಟ ಸ್ಟೀರಾಯ್ಡ್ ಮದ್ದಿನಿಂದಲೂ ಏರುತ್ತದೆ. ಆದುದರಿಂದ ಕೊಟ್ಟ ಮದ್ದುಗಳನ್ನೆಲ್ಲ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ನಾವು ನುಂಗುವ ಪ್ಯಾರಾಸಿಟಮಾಲ್ ನಾಯಿಗೆ ಕೊಡಲೇಬಾರದು. ಅದೇ ಅದರ ಲಿವರನ್ನು ಕೆಡಿಸೀತು.

ಪೆಟ್ಟು ತಿಂದ ಲಿವರ್ ಮತ್ತೆ ಬೆಳೆಯಬಲ್ಲದು. ಕಾರಣ ನಿಂತರೆ ಅಂಕೆಯೂ ಇಳಿಯುತ್ತದೆ. ಹೀಗಾಗಿ ವೈದ್ಯರು ಕೆಲವು ವಾರ ಬಿಟ್ಟು ಮರುಪರೀಕ್ಷೆ ಹೇಳಿದರೆ ಅದು ದುಂದುವೆಚ್ಚವಲ್ಲ. ಆದರೆ ಕಣ್ಣು ಹಳದಿಯಾಗಿ, ವಾಂತಿಯಾಗಿ, ಮೂತ್ರ ಕಂದಾಗಿದ್ದರೆ ಒಂದು ದಿನವೂ ಕಾಯಬಾರದು.

ಈ ನಾಯಿಯ ವಿಷಯದಲ್ಲಿ ವೈದ್ಯರು ಮೊದಲು ಕೇಳಿದ್ದು, “ಏನು ತಿನ್ನಿಸುತ್ತೀರಿ?” ಎಂದು. ಮಳೆಗೆ ಒದ್ದೆಯಾಗಿ ಬೂಷ್ಟು ಹಿಡಿದ ನೆಲಗಡಲೆ ಹಿಂಡಿಯನ್ನು ಹಸು ಮುಟ್ಟಿರಲಿಲ್ಲ. “ನಾಯಿಗೆ ಸಾಕು” ಎಂದು ಗಂಜಿಗೆ ಬೆರೆಸಿದ್ದರು. ಈ ಮಾತೇ ನಮಗೆ ಚಿಂತೆ ತಂದದ್ದು. ಇಂಥ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಕುದಿಸಿದರೂ ಅದು ಹೋಗದು. ಹಸು ತಿಂದರೆ ಹಾಲಿಗೂ ಬರುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತ್‌ಗಳ ಹಳ್ಳಿಗಳಲ್ಲಿ ಮಳೆಗೆ ಕೆಟ್ಟ ಮೆಕ್ಕೆಜೋಳ ತಿಂದು 397 ಮಂದಿ ಕಾಮಾಲೆಗೆ ತುತ್ತಾದರು, 106 ಮಂದಿ ಸತ್ತರು. ಅದೇ ಹಳ್ಳಿಗಳ ನಾಯಿಗಳೂ ಅದೇ ರೋಗದಿಂದ ಸತ್ತವು. ಮನೆಯವರದೂ ನಾಯಿಯದೂ ಒಂದೇ ಕಾಳು!

ಇಲಿಜ್ವರವೂ ಹಾಗೆಯೇ. ನಮ್ಮ ಕಾಸರಗೋಡಿನ ತೋಟದ ಕಣಿಗಳಲ್ಲಿ ಇಲಿಯ ಮೂತ್ರ ಸೇರಿದ ನೀರಿನಿಂದ ನಾಯಿಗೆ ರೋಗ ತಗಲುತ್ತದೆ; ಅದರ ಮೂತ್ರದಿಂದ, ಅದೇ ಕಣಿಯ ನೀರಿನಿಂದ ನಮಗೂ ತಗಲಬಹುದು. ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿರಿ. ಕಾಲಿನಲ್ಲಿ ಗಾಯವಿದ್ದರೆ ಬೂಟ್ಸ್ ಇಲ್ಲದೆ ಕಣಿಗೆ ಇಳಿಯಬೇಡಿರಿ. ನಾಯಿಗೆ ಇಲಿಜ್ವರ ಎಂದಾದ ಮೇಲೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಆಸ್ಪತ್ರೆಯಲ್ಲಿ ಆ ವಿಷಯವನ್ನು ತಪ್ಪದೆ ತಿಳಿಸಿರಿ.

ನಮ್ಮ ಅಭಿಪ್ರಾಯ ಇಷ್ಟೇ: ನಾಯಿಯ ವರದಿಯನ್ನು ನೋಡಿ ನಾಯಿಯನ್ನು ಕೈಬಿಡಬೇಡಿ, ವರದಿಯನ್ನೂ ಎಸೆಯಬೇಡಿ. ಅದನ್ನು ಹಿಡಿದುಕೊಂಡೇ ನಿಮ್ಮ ಉಗ್ರಾಣ, ಕೊಟ್ಟಿಗೆ, ಕಣಿಗಳನ್ನು ಒಮ್ಮೆ ಸುತ್ತಿ ಬನ್ನಿ. ಆ ಮನೆಯವರು ಹಿಂಡಿಯ ಚೀಲವನ್ನು ಹೂತುಹಾಕಿದರು, ಮದ್ದು ನಿಲ್ಲಿಸಲಿಲ್ಲ. ಎರಡನೆಯ ವರದಿಯಲ್ಲಿ ಅಂಕೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ನಾಯಿ ಈಗಲೂ ಅಡಿಕೆ ಅಂಗಳ ಕಾಯುತ್ತಿದೆ.